ಹನ್ನೊಂದನೆಯ ವಚನಕ್ಕೆ ಮೊದಲು ಹತ್ತನೆಯದೊಂದಿದೆ

ಮುಂದಕ್ಕೆ ಓದುವ ಮೊದಲು ನಿಮ್ಮ ಮನೆಯ ಗೋಡೆಯತ್ತ ಒಮ್ಮೆ ಕಣ್ಣು ಹಾಯಿಸಿ. ಪವಿತ್ರ ಹೃದಯದ ಚಿತ್ರಪಟದ ಕೆಳಗೋ, ಕ್ಯಾಲೆಂಡರಿನ ಮೊಳೆಗೋ, ಫ್ರಿಜ್ಜಿನ ಬಾಗಿಲಿಗೋ ಅಂಟಿಸಿದ ಒಂದು ಪುಟ್ಟ ಚೀಟಿ ನಿಮಗೆ ಕಾಣಿಸಬಹುದು. ವರ್ಷದ ಕೊನೆಯ ರಾತ್ರಿ ದೇವಾಲಯದಲ್ಲಿ ಬುಟ್ಟಿಯೊಳಗೆ ಕೈಯಿಟ್ಟು ಆರಿಸಿಕೊಂಡ ವಾಗ್ದಾನದ ಚೀಟಿ ಅದು. ಹೊಸ ವರ್ಷಕ್ಕೆ ದೇವರು ನಮ್ಮ ಕುಟುಂಬಕ್ಕೆ ಏನು ಹೇಳುತ್ತಾರೆಂಬ ಕುತೂಹಲದಿಂದ ಅದನ್ನು ಬಿಚ್ಚುತ್ತೇವೆ. ಮಕ್ಕಳಿಗೆ ಓದಿ ಹೇಳುತ್ತೇವೆ. ಜೋಪಾನವಾಗಿ ತಂದು ಗೋಡೆಗೆ ಹಚ್ಚುತ್ತೇವೆ. ಇದರಲ್ಲಿ ತಪ್ಪೇನಿದೆ ಎಂದು ನೀವು ಕೇಳಬಹುದು. ಬಹುಕಾಲ ನಾನೂ ಹಾಗೆಯೇ ಕೇಳುತ್ತಿದ್ದೆ. ಏಕೆಂದರೆ ನಮ್ಮ ಧರ್ಮಕೇಂದ್ರದಲ್ಲಿ ಆ ಚೀಟಿಗಳನ್ನು ಬರೆಯುತ್ತಿದ್ದವನು ನಾನೇ.

ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವನೆಂಬ ಕಾರಣಕ್ಕೆ ಗುರುಗಳು ಆ ಕೆಲಸವನ್ನು ನನಗೆ ವಹಿಸಿದ್ದರು. ಡಿಸೆಂಬರ್ ತಿಂಗಳ ಕೊನೆಯ ವಾರ ಬೈಬಲನ್ನು ಮುಂದಿಟ್ಟುಕೊಂಡು ಕೂರುತ್ತಿದ್ದೆ. ಕಿವಿಗೆ ಇಂಪಾದ, ಮನಸ್ಸಿಗೆ ಹಿತವಾದ ವಚನಗಳನ್ನು ಹುಡುಕುತ್ತಿದ್ದೆ. ಒಂದು ವಚನದ ಮೊದಲರ್ಧ ಸಿಹಿಯಾಗಿದ್ದು ಉತ್ತರಾರ್ಧ ಕಹಿಯಾಗಿದ್ದರೆ ಮೊದಲರ್ಧವನ್ನಷ್ಟೇ ಬರೆಯುತ್ತಿದ್ದೆ. ಚೀಟಿ ಚಿಕ್ಕದು, ಸ್ಥಳ ಸಾಲದು ಎಂಬುದು ನನ್ನ ಸಮಾಧಾನವಾಗಿತ್ತು.

ಒಂದು ವರ್ಷ ನಮ್ಮ ವಲಯದ ತಾಯಿಯೊಬ್ಬರಿಗೆ ಯೆರೆಮೀಯನ ಗ್ರಂಥದ 29ನೇ ಅಧ್ಯಾಯದ 11ನೇ ವಚನ ಬಂತು. ಅದು ನಿಮಗೆಲ್ಲ ಬಾಯಿಪಾಠವಾಗಿರುವ ವಚನವೇ: ಸರ್ವೇಶ್ವರನ ಆಲೋಚನೆಗಳು ಕೇಡಿನವಲ್ಲ, ಹಿತದವು, ಅವು ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುವಂಥವು ಎಂಬ ಭಾವದ್ದು. ಆ ತಾಯಿಯ ಪತಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆರಡು ಬಾರಿ ಡಯಾಲಿಸಿಸ್ ನಡೆಯುತ್ತಿತ್ತು. ಚೀಟಿಯನ್ನು ಆಕೆ ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿದರು. ಊರಿಗೆ ಬಂದ ಬೋಧಕರೊಬ್ಬರು ಆ ವಚನವನ್ನು ನೋಡಿ, ಇದು ನಿಮ್ಮ ಮನೆಗೆಂದೇ ಬಂದ ಪ್ರವಾದನೆ, ಇದನ್ನು ಹಕ್ಕಿನಿಂದ ಕೇಳಿ ಪಡೆದುಕೊಳ್ಳಿ, ವಿಶ್ವಾಸದ ಗುರುತಾಗಿ ಒಂದು ಕಾಣಿಕೆಯನ್ನು ಬಿತ್ತಿರಿ ಎಂದು ಹೇಳಿ ಹೋದರು. ಆಕೆ ಚೀಟಿ ವ್ಯವಹಾರದಲ್ಲಿ ಕೂಡಿಟ್ಟಿದ್ದ ಹಣವನ್ನು ಕೊಟ್ಟರು. ತಪಸ್ಸುಕಾಲ ಮುಗಿಯುವುದರೊಳಗೆ ಪತಿ ತೀರಿಕೊಂಡರು. ಮನೆಯಲ್ಲಿ ಯಾರದೋ ವಿಶ್ವಾಸ ಕುಂದಿತ್ತೆಂಬ ಮಾತು ಆ ಬೋಧಕರಿಂದ ಬಂತು.

ತಿಂಗಳ ಪೂಜೆಯ ದಿನ ಆಕೆ ದೇವಾಲಯದ ಬಾಗಿಲಲ್ಲಿ ನಿಂತು ಆ ಚೀಟಿಯನ್ನು ನನ್ನ ಕೈಗಿತ್ತರು. "ಮೇಷ್ಟ್ರೇ, ಇದು ನಿಮ್ಮ ಅಕ್ಷರ ಅಲ್ಲವೇ? ಇದು ನಮ್ಮ ಮನೆಗೆ ಬರೆದದ್ದೇ ಆಗಿರಲಿಲ್ಲವೋ, ಇಲ್ಲಾ ನಮ್ಮ ವಿಶ್ವಾಸವೇ ಸಾಲದೆ ಹೋಯಿತೋ, ನೀವೇ ಹೇಳಿ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ಪ್ರಶ್ನೆಗೆ ನಾನು ತಡವಾಗಿ ಹುಡುಕಿಕೊಂಡ ಉತ್ತರ.

ಚೀಟಿಯೆಂಬ ಗ್ರಂಥ

ಪುಸ್ತಕ ವಿಮರ್ಶೆಯನ್ನು ನೀವು ಓದಿರುತ್ತೀರಿ. ನಮ್ಮ ವಾಗ್ದಾನದ ಚೀಟಿಗಳನ್ನೆಲ್ಲ ಒಟ್ಟುಗೂಡಿಸಿ ಒಂದು ಗ್ರಂಥವೆಂದು ಭಾವಿಸಿ ಓದಿದರೆ ಅದು ಎಂಥ ಗ್ರಂಥವಾಗಿ ಕಾಣುತ್ತದೆ? ಅದರಲ್ಲಿ ಯಾರೂ ಅಳುವುದಿಲ್ಲ. ಯಾರೂ ಪಶ್ಚಾತ್ತಾಪಪಡುವುದಿಲ್ಲ. ಕೂಲಿಯಾಳು, ವಿಧವೆ, ಪರದೇಶಿ ಯಾರೂ ಕಾಣಿಸುವುದಿಲ್ಲ. ಶಿಲುಬೆಯ ಸುಳಿವಿಲ್ಲ. ದೇವರು ಅಲ್ಲಿ ಮಾತನಾಡುವುದು ಒಬ್ಬನೇ ವ್ಯಕ್ತಿಯೊಡನೆ, ಅದೂ ಅವನ ಏಳಿಗೆಯ ಬಗ್ಗೆ ಮಾತ್ರ.

ಉದಾಹರಣೆಗೆ ಪ್ರವಾದಿ ಯೋವೇಲನನ್ನು ತೆಗೆದುಕೊಳ್ಳಿ. ಮಿಡತೆಗಳು ತಿಂದುಹಾಕಿದ ವರ್ಷಗಳನ್ನು ತುಂಬಿಕೊಡುವೆನೆಂಬ ಮಾತು ಎರಡನೆಯ ಅಧ್ಯಾಯದ 25ನೇ ವಚನದಲ್ಲಿದೆ. ಅದು ಚೀಟಿಗೆ ಬರುತ್ತದೆ. ಬಟ್ಟೆಗಳನ್ನಲ್ಲ, ಹೃದಯಗಳನ್ನು ಹರಿದುಕೊಳ್ಳಿರೆಂಬ ಕರೆ ಅದೇ ಅಧ್ಯಾಯದ 13ನೇ ವಚನದಲ್ಲಿದೆ, ಅದು ಬರುವುದಿಲ್ಲ. ಆದರೆ ಧರ್ಮಸಭೆ ವಿಭೂತಿ ಬುಧವಾರದಂದು ಹಣೆಗೆ ಬೂದಿ ಹಚ್ಚುವ ಮೊದಲು ನಮಗೆ ಓದಿ ಹೇಳುವುದು ಚೀಟಿಗೆ ಬಾರದ ಆ ಭಾಗವನ್ನೇ. ಎರಡರ ನಡುವಣ ಅಂತರ ಕೇವಲ ಹನ್ನೆರಡು ವಚನಗಳು. ಆ ಹನ್ನೆರಡನ್ನು ಕತ್ತರಿಸಿದವನು ಪ್ರವಾದಿಯಲ್ಲ, ಚೀಟಿ ಬರೆದವನು.

ಒಂದು ಕಾಗದದ ಕಥೆ

ಈಗ ಆ ತಾಯಿಗೆ ಬಂದ ವಚನಕ್ಕೆ ಬರೋಣ. ಯೆರೆಮೀಯನ 29ನೇ ಅಧ್ಯಾಯ ಮೂಲತಃ ಒಂದು ಕಾಗದ. ಬರೆದವನಿಗೆ ಒಂದು ಊರಿತ್ತು, ಓದುವವರಿಗೊಂದು ವಿಳಾಸವಿತ್ತು, ತಲುಪಿಸಿದವರ ಹೆಸರುಗಳೂ ದಾಖಲಾಗಿವೆ.

ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನು ಜೆರುಸಲೇಮನ್ನು ವಶಪಡಿಸಿಕೊಂಡ. ಈ ಘಟನೆ ಬೈಬಲಿನಲ್ಲಿ ಮಾತ್ರವಲ್ಲ, ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಬಾಬಿಲೋನಿನ ಮಣ್ಣಿನ ಫಲಕವೊಂದರಲ್ಲಿಯೂ ದಾಖಲಾಗಿದೆ. ತರುಣ ಅರಸ ಯೆಹೋಯಾಕೀನ, ರಾಜಮಾತೆ, ಅಧಿಕಾರಿಗಳು, ಬಡಗಿಗಳು, ಕಮ್ಮಾರರು ಎಲ್ಲರನ್ನೂ ಸೆರೆಯಾಳುಗಳಾಗಿ ಒಯ್ಯಲಾಯಿತು. ಬಾಬಿಲೋನಿನ ಅವಶೇಷಗಳಲ್ಲಿ ಸಿಕ್ಕಿ 1939ರಲ್ಲಿ ಪ್ರಕಟವಾದ ಪಡಿತರದ ಫಲಕಗಳಲ್ಲಿ ಯೆಹೂದದ ಅರಸ ಯೆಹೋಯಾಕೀನನಿಗೂ ಅವನ ಪುತ್ರರಿಗೂ ಅಳೆದು ಕೊಟ್ಟ ಎಣ್ಣೆಯ ಲೆಕ್ಕವಿದೆ. ದಾವಿದನ ಸಿಂಹಾಸನದ ಮೇಲೆ ಕುಳಿತಿದ್ದವನು ಪರರ ಉಗ್ರಾಣದ ಮುಂದೆ ಎಣ್ಣೆಗಾಗಿ ಕಾಯುವ ಸ್ಥಿತಿ ಅದು.

ಜೆರುಸಲೇಮಿನಲ್ಲಿ ಚಿದ್ಕೀಯನನ್ನು ಕೈಗೊಂಬೆ ಅರಸನನ್ನಾಗಿ ಕೂರಿಸಲಾಗಿತ್ತು. ಅವನು ನೆಬೂಕದ್ನೆಚ್ಚರನ ಬಳಿಗೆ ಕಳುಹಿಸಿದ ದೂತರಾದ ಶಾಫಾನನ ಮಗ ಎಲ್ಲಾಸ ಮತ್ತು ಹಿಲ್ಕೀಯನ ಮಗ ಗೆಮರ್ಯ ಎಂಬವರ ಕೈಯಲ್ಲಿ ಯೆರೆಮೀಯ ತನ್ನ ಕಾಗದವನ್ನು ಕೊಟ್ಟು ಕಳುಹಿಸಿದ. ಅದನ್ನು ಕೇಳಲು ಕಾದಿದ್ದವರು ಮನೆಮಠ ಕಳೆದುಕೊಂಡ ಜನ. ಅವರು ಏನನ್ನು ಕೇಳಲು ಬಯಸಿದ್ದರು? ನಾಳೆಯೇ ಗಂಟುಮೂಟೆ ಕಟ್ಟಿ, ಊರಿಗೆ ಹೊರಡಿ ಎಂಬ ಮಾತನ್ನು.

ಕಾಗದದಲ್ಲಿ ಅದಿರಲಿಲ್ಲ. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಅದರ ಫಲ ಉಣ್ಣಿ, ಮದುವೆಯಾಗಿ, ನಿಮ್ಮ ಮಕ್ಕಳಿಗೂ ಮದುವೆ ಮಾಡಿಸಿ, ಅವರಿಗೂ ಮಕ್ಕಳಾಗಲಿ. ನಿಮ್ಮನ್ನು ಸೆರೆಯೊಯ್ದ ಆ ಪಟ್ಟಣದ ಕ್ಷೇಮವನ್ನು ಬಯಸಿ, ಅದಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ ಎಂದಿತ್ತು. ಮೂರು ತಲೆಮಾರುಗಳ ಲೆಕ್ಕ ಆ ನಾಲ್ಕು ಸಾಲುಗಳಲ್ಲೇ ಅಡಗಿದೆ. ನಂತರ ಹತ್ತನೆಯ ವಚನ ಬರುತ್ತದೆ: ಬಾಬಿಲೋನಿಗೆ ಎಪ್ಪತ್ತು ವರ್ಷ ತುಂಬಿದ ಮೇಲೆ ನಾನು ನಿಮ್ಮತ್ತ ಗಮನ ಹರಿಸಿ ಹಿಂದಕ್ಕೆ ಕರೆತರುವೆನೆಂಬ ಮಾತು. ಅದಾದ ಮೇಲೆ ಬರುವುದು ಹನ್ನೊಂದನೆಯ ವಚನ.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಆ ಕಾಗದವನ್ನು ಓದುವಾಗ ಕೇಳಿಸಿಕೊಂಡ ಮೂವತ್ತು ವರ್ಷದ ಕಮ್ಮಾರನೊಬ್ಬನನ್ನು ಊಹಿಸಿಕೊಳ್ಳಿ. ಎಪ್ಪತ್ತು ವರ್ಷವೆಂದರೆ ಕೀರ್ತನೆಕಾರನ ಲೆಕ್ಕದಲ್ಲಿ ಮನುಷ್ಯನ ಇಡೀ ಆಯುಷ್ಯ. ತಾನು ಜೆರುಸಲೇಮನ್ನು ಮತ್ತೆ ನೋಡುವುದಿಲ್ಲವೆಂಬುದು ಆ ಕ್ಷಣವೇ ಅವನಿಗೆ ಗೊತ್ತಾಯಿತು. ಬಾಬಿಲೋನ್ ಪರ್ಷಿಯದ ಸೈರಸನ ವಶವಾದದ್ದು ಕ್ರಿ.ಪೂ. 539ರಲ್ಲಿ, ಆ ಬಳಿಕವೇ ಹಿಂದಿರುಗಲು ಅಪ್ಪಣೆ ದೊರೆಯಿತು. ಹನ್ನೊಂದನೆಯ ವಚನ ಸುಳ್ಳಾಗಲಿಲ್ಲ. ಆದರೆ ಅದು ನಿಜವಾದದ್ದು ಅವನ ಮೊಮ್ಮಕ್ಕಳ ಕಾಲಕ್ಕೆ. ಅವನ ಪಾಲಿಗೆ ದೇವರು ಕೊಟ್ಟದ್ದು ಒಂದು ತೋಟ, ಒಂದು ಪ್ರಾರ್ಥನೆ ಮತ್ತು ತಾನು ಕಾಣದ ನಾಳೆಯ ಮೇಲಣ ನಂಬಿಕೆ.

ಎರಡು ವರ್ಷವೋ, ಎಪ್ಪತ್ತು ವರ್ಷವೋ

ಈ ಕಾಗದಕ್ಕೆ ಮುಂಚಿನ ಅಧ್ಯಾಯವನ್ನು ಓದದೆ ಇದರ ತೂಕ ತಿಳಿಯುವುದಿಲ್ಲ. 28ನೇ ಅಧ್ಯಾಯದಲ್ಲಿ ಗಿಬ್ಯೋನಿನ ಹನನ್ಯನೆಂಬ ಪ್ರವಾದಿಯೊಬ್ಬ ದೇವಾಲಯದಲ್ಲಿ ಎದ್ದು ನಿಲ್ಲುತ್ತಾನೆ. ಎರಡೇ ವರ್ಷಗಳಲ್ಲಿ ಅರಸನೂ ಸೆರೆಯಾಳುಗಳೂ ದೇವಾಲಯದ ಪಾತ್ರೆಗಳೂ ಹಿಂದಿರುಗುತ್ತವೆಂದು ಸರ್ವೇಶ್ವರನ ಹೆಸರಿನಲ್ಲೇ ಸಾರುತ್ತಾನೆ. ಯೆರೆಮೀಯನ ಕೊರಳಲ್ಲಿದ್ದ ಮರದ ನೊಗವನ್ನು ಕಿತ್ತು ಮುರಿಯುತ್ತಾನೆ. ಜನರ ಎದುರು ಎಂಥ ದೃಶ್ಯವದು! ಯಾರ ಮಾತು ಮನಸ್ಸಿಗೆ ಹಿತವೆಂದು ಆ ದಿನ ಕೇಳಿದ್ದರೆ ಯೆರೆಮೀಯನಿಗೆ ಒಂದು ಮತವೂ ಬೀಳುತ್ತಿರಲಿಲ್ಲ.

ಆಗ ಯೆರೆಮೀಯನು ಕೊಟ್ಟ ಮೊದಲ ಉತ್ತರವನ್ನು ಗಮನಿಸಿ. ಅವನು 'ಆಮೆನ್' ಎನ್ನುತ್ತಾನೆ. ಸರ್ವೇಶ್ವರ ಹಾಗೆಯೇ ಮಾಡಲಿ ಎನ್ನುತ್ತಾನೆ. ಜನರ ಬಿಡುಗಡೆಯನ್ನು ಅವನೂ ಬಯಸಿದ್ದ. ಆದರೆ ಬಯಕೆ ಬೇರೆ, ದೇವರ ವಾಕ್ಯ ಬೇರೆ ಎಂಬುದು ಅವನಿಗೆ ತಿಳಿದಿತ್ತು. ಶಾಂತಿಯನ್ನು ಸಾರುವ ಪ್ರವಾದಿಯ ಮಾತು ನೆರವೇರಿದಾಗಲೇ ಅವನು ದೇವರಿಂದ ಬಂದವನೆಂದು ತಿಳಿಯಬೇಕೆಂದು ಎಚ್ಚರಿಸಿದ. ಎರಡು ವರ್ಷಗಳ ಭರವಸೆ ಕೊಟ್ಟ ಹನನ್ಯ ಎರಡು ತಿಂಗಳಲ್ಲೇ ಸತ್ತನೆಂದು ಆ ಅಧ್ಯಾಯ ಮುಗಿಯುತ್ತದೆ. ಜೆರುಸಲೇಮಂತೂ ಕ್ರಿ.ಪೂ. 587–586ರ ಸುಮಾರಿಗೆ ಸುಟ್ಟು ಬೂದಿಯಾಯಿತು.

ಎಂದರೆ, ನಾವು ಚೀಟಿಯಲ್ಲಿ ಬರೆಯುವ ಆ ವಚನ ಹುಟ್ಟಿದ್ದೇ ತ್ವರಿತ ಏಳಿಗೆಯ ಪ್ರವಾದನೆಗೆ ಎದುರಾಗಿ. ಯಾವ ಮಾತು ಹನನ್ಯನನ್ನು ಖಂಡಿಸಲು ಬಂತೋ ಆ ಮಾತನ್ನೇ ನಾವು ಹನನ್ಯನ ಬಾಯಿಗೆ ಹಾಕಿದ್ದೇವೆ. ಈ ವರ್ಷವೇ ಮನೆ, ಈ ವರ್ಷವೇ ವೀಸಾ, ಈ ವರ್ಷವೇ ಗುಣ ಎಂದು ಹನ್ನೊಂದನೆಯ ವಚನವನ್ನು ಹಿಡಿದು ಹೇಳುವವನು ಯೆರೆಮೀಯನ ಶಬ್ದಗಳಲ್ಲಿ ಹನನ್ಯನ ಉಪದೇಶವನ್ನೇ ಮಾಡುತ್ತಿದ್ದಾನೆ.

ಅದೇ ಕಾಗದದ ಎಂಟನೆಯ ವಚನ ಇನ್ನೂ ನೇರವಾಗಿದೆ. ನಿಮ್ಮ ನಡುವಿನ ಪ್ರವಾದಿಗಳೂ ಕಣಿ ಹೇಳುವವರೂ ನಿಮ್ಮನ್ನು ಮೋಸಗೊಳಿಸದಿರಲೆಂದು ಅದು ಹೇಳುತ್ತದೆ. ಕನಸುಗಳ ಬಗ್ಗೆ ಅಲ್ಲಿರುವ ಹಿಬ್ರೂ ಕ್ರಿಯಾಪದಕ್ಕೆ, ನೀವೇ ಕಾಣುವಂತೆ ಮಾಡುವ ಕನಸುಗಳು ಎಂಬ ಧ್ವನಿಯಿದೆ. ಕೇಳುವವರ ಹಸಿವೇ ಹೇಳುವವರ ಕನಸನ್ನು ಹೆಣೆಯುತ್ತದೆಂಬುದು ಇದರ ಅರ್ಥ. ಆದ್ದರಿಂದ ತಪ್ಪೆಲ್ಲವನ್ನೂ ಬೋಧಕರ ಮೇಲೆ ಹೊರಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಸಿಹಿ ವಚನವನ್ನೇ ಹುಡುಕಿದ ನನ್ನ ಲೇಖನಿಗೂ, ಕಹಿ ಚೀಟಿ ಬಂದರೆ ಮತ್ತೆ ಬುಟ್ಟಿಗೆ ಕೈಹಾಕುವ ನಮ್ಮ ಕೈಗಳಿಗೂ ಅದರಲ್ಲಿ ಪಾಲಿದೆ.

'ನಿಮಗೆ' ಎಂದರೆ ಯಾರಿಗೆ?

ಇನ್ನು ಪದಗಳತ್ತ ಬರೋಣ. ಹನ್ನೊಂದನೆಯ ವಚನದಲ್ಲಿ ದೇವರು ಬಯಸುವುದಾಗಿ ಹೇಳುವ ಹಿತಕ್ಕೆ ಹಿಬ್ರೂವಿನಲ್ಲಿರುವ ಪದ 'ಶಾಲೋಮ್'. ಸಮಾಧಾನ, ಕ್ಷೇಮ, ಒಡೆದದ್ದು ಕೂಡಿ ಇಡಿಯಾಗುವುದು ಎಂಬ ಅರ್ಥಗಳೆಲ್ಲ ಅದರಲ್ಲಿ ಸೇರಿವೆ. ಏಳನೆಯ ವಚನದಲ್ಲಿ ಪಟ್ಟಣದ ಕ್ಷೇಮವನ್ನು ಬಯಸಿರೆಂದು ಹೇಳುವಾಗಲೂ ಇದೇ ಪದ ಮೂರು ಬಾರಿ ಬಂದಿದೆ. ಶತ್ರುವಿನ ಪಟ್ಟಣಕ್ಕೆ ಬಯಸಬೇಕಾದ ಶಾಲೋಮ್ ಮತ್ತು ದೇವರು ತನ್ನ ಜನರಿಗೆ ಬಯಸುವ ಶಾಲೋಮ್ ಬೇರೆಬೇರೆಯಲ್ಲ. ಒಂದನ್ನು ಬಿಟ್ಟು ಇನ್ನೊಂದನ್ನು ಕಿತ್ತುಕೊಳ್ಳಲು ಬರುವುದಿಲ್ಲ.

ಪುರಾತನ ಲತೀನ್ ಅನುವಾದ ಇಲ್ಲಿ ಶಾಂತಿ ಎಂದೇ ಹೇಳಿತು. 1611ರ ಆಂಗ್ಲ ಬೈಬಲೂ ಹಾಗೆಯೇ ಹೇಳಿತು. 1978ರಲ್ಲಿ ಪೂರ್ಣವಾಗಿ ಪ್ರಕಟವಾದ 'ನ್ಯೂ ಇಂಟರ್‌ನ್ಯಾಷನಲ್ ವರ್ಷನ್' ಎಂಬ ಆಂಗ್ಲ ಅನುವಾದ ಈ ಸ್ಥಳದಲ್ಲಿ ಏಳಿಗೆ ಎಂಬರ್ಥದ ಕ್ರಿಯಾಪದವನ್ನು ಬಳಸಿತು. ಅನುವಾದಕರ ಉದ್ದೇಶ ಕೆಟ್ಟದೆಂದು ನಾನು ಹೇಳಲಾರೆ. ಕ್ಷೇಮದ ಒಂದು ಮುಖ ಏಳಿಗೆಯೂ ಹೌದು. ಆದರೆ ಹಿನ್ನೆಲೆಯಿಂದ ಕಳಚಿ ಕ್ಯಾಲೆಂಡರಿಗೂ ಕಾಫಿ ಬಟ್ಟಲಿಗೂ ಅಚ್ಚಾದಾಗ ಆ ಒಂದು ಪದ ಬ್ಯಾಂಕಿನ ಖಾತೆಯ ಕಡೆಗೆ ವಾಲಿತು. ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಬೆಳೆದ ಸಮೃದ್ಧಿಯ ಬೋಧನೆಗೆ ಇಂಥ ವಚನಗಳು ಸಿದ್ಧ ಬಂಡವಾಳವಾದವು. ಕಾಣಿಕೆಯನ್ನು ಬೀಜವೆಂದೂ ದೇವರನ್ನು ಇಳುವರಿ ಕೊಡಲೇಬೇಕಾದ ಹೊಲವೆಂದೂ ಕಾಣುವ ಮಾತು ಅಲ್ಲಿಂದ ಹೊರಟು ನಮ್ಮ ಹಳ್ಳಿಗಳ ಪ್ರಾರ್ಥನಾ ಕೂಟಗಳವರೆಗೂ ಬಂದಿದೆ. 2018ರಲ್ಲಿ ಯೇಸುಸಭೆಯ 'ಲಾ ಚಿವಿಲ್ತಾ ಕತ್ತೋಲಿಕಾ' ಪತ್ರಿಕೆ ಈ ಬೋಧನೆಯನ್ನು ಶುಭಸಂದೇಶಕ್ಕಿಂತ ಬೇರೆಯಾದದ್ದೆಂದೂ ಅಪಾಯಕಾರಿಯೆಂದೂ ವಿಶ್ಲೇಷಿಸಿತು.

ಇನ್ನೊಂದು ಪದವಿದೆ. ಅದನ್ನು ಗುರುತಿಸುವ ಭಾಗ್ಯ ಆಂಗ್ಲದಲ್ಲಿ ಓದುವವರಿಗಿಂತ ಕನ್ನಡಿಗರಾದ ನಮಗೆ ಹೆಚ್ಚು. ಆಂಗ್ಲದಲ್ಲಿ ಒಬ್ಬನಿಗೂ ಹಲವರಿಗೂ ಒಂದೇ ಸರ್ವನಾಮ. ನಮ್ಮಲ್ಲಿ 'ನೀನು' ಬೇರೆ, 'ನೀವು' ಬೇರೆ. ನಮ್ಮ ಕನ್ನಡ ಬೈಬಲಿನಲ್ಲಿ ದೇವರು ಒಬ್ಬ ವ್ಯಕ್ತಿಯೊಡನೆ ಮಾತನಾಡುವಾಗ 'ನೀನು' ಎನ್ನುತ್ತಾರೆ. ಅಬ್ರಹಾಮನಿಗೂ ಮೋಶೆಗೂ ಬಾಲಕನಾದ ಯೆರೆಮೀಯನಿಗೂ ಹಾಗೆಯೇ. 29ನೇ ಅಧ್ಯಾಯದಲ್ಲಿರುವುದು 'ನಿಮ್ಮ', 'ನಿಮಗೆ'. ಮೂಲದಲ್ಲಿಯೂ ಅದು ಬಹುವಚನವೇ. ಆದರೆ ಚೀಟಿಯಲ್ಲಿ ಓದುವಾಗ, ದೇವರು ನನಗೊಬ್ಬನಿಗೇ ಗೌರವದಿಂದ 'ನಿಮಗೆ' ಎನ್ನುತ್ತಿದ್ದಾರೆಂದು ನಾವು ತಿಳಿದುಬಿಡುತ್ತೇವೆ. ಆ 'ನಿಮಗೆ' ಎಂಬುದರಲ್ಲಿ ಕಮ್ಮಾರನಿದ್ದಾನೆ, ಅವನ ಮಕ್ಕಳಿದ್ದಾರೆ, ಇನ್ನೂ ಹುಟ್ಟದ ಮೊಮ್ಮಕ್ಕಳಿದ್ದಾರೆ. ಇಡೀ ಜನಾಂಗಕ್ಕೆ ಬಡಿಸಿದ ಊಟವನ್ನು ಒಬ್ಬನೇ ತನ್ನ ಎಲೆಗೆ ಎಳೆದುಕೊಂಡರೆ ಹೇಗೋ ಹಾಗಾಗಿದೆ ನಮ್ಮ ಓದು.

ಬಾರೂಕನಿಗೆ ಸಿಕ್ಕ ವಾಗ್ದಾನ

ಹಾಗಾದರೆ ಯೆರೆಮೀಯನ ಗ್ರಂಥದಲ್ಲಿ 'ನೀನು' ಎಂದು ಒಬ್ಬ ವ್ಯಕ್ತಿಗೆ ಕೊಟ್ಟ ವಾಗ್ದಾನಗಳೇ ಇಲ್ಲವೇ? ಇವೆ. ಯೆರೆಮೀಯನ ಬರೆಹಗಾರನಾಗಿದ್ದ ಬಾರೂಕನಿಗೆ ಸಿಕ್ಕ ವಾಗ್ದಾನ 45ನೇ ಅಧ್ಯಾಯದಲ್ಲಿದೆ. ಬರಿಯ ಐದು ವಚನಗಳ ಅಧ್ಯಾಯ. ದುಃಖದ ಮೇಲೆ ದುಃಖ ಬಂತು, ನಿಟ್ಟುಸಿರಿಟ್ಟು ಬಳಲಿದ್ದೇನೆ, ವಿಶ್ರಾಂತಿಯಿಲ್ಲ ಎಂದು ಬಾರೂಕ ಕೊರಗುತ್ತಾನೆ. ನಾನು ಕಟ್ಟಿದ್ದನ್ನೇ ಕೆಡವುತ್ತಿರುವಾಗ ನೀನು ನಿನಗಾಗಿ ಮಹತ್ತಾದದ್ದನ್ನು ಹುಡುಕುತ್ತೀಯೋ, ಹುಡುಕಬೇಡ. ಎಲ್ಲಿಗೆ ಹೋದರೂ ನಿನ್ನ ಪ್ರಾಣವನ್ನು ಮಾತ್ರ ಉಳಿಸಿಕೊಡುವೆನು ಎಂಬುದು ಅವನಿಗೆ ಬಂದ ಉತ್ತರದ ಸಾರ.

ಪ್ರವಾದಿಯನ್ನು ಕೆಸರಿನ ಬಾವಿಯಿಂದ ಹಳೆಯ ಚಿಂದಿಬಟ್ಟೆಗಳ ಮತ್ತು ಹಗ್ಗದ ಸಹಾಯದಿಂದ ಮೇಲೆತ್ತಿದ ಕೂಷ್ ದೇಶದ ಎಬೆದ್ಮೆಲೆಕನಿಗೂ 39ನೇ ಅಧ್ಯಾಯದಲ್ಲಿ ಇಂಥದೇ ವಾಗ್ದಾನ: ಪ್ರಾಣ ಉಳಿಯುತ್ತದೆ, ಅಷ್ಟೇ. ಈ ಎರಡು ವಚನಗಳನ್ನು ಯಾರಾದರೂ ಚೀಟಿಯಲ್ಲಿ ಬರೆದದ್ದನ್ನು ನಾನು ಕಂಡಿಲ್ಲ. ನಾನೂ ಬರೆದಿರಲಿಲ್ಲ. ವ್ಯಕ್ತಿಗೆಂದೇ ಬಂದ ವಾಗ್ದಾನವನ್ನು ಬಿಟ್ಟು, ಜನಾಂಗಕ್ಕೆ ಬಂದದ್ದನ್ನು ವ್ಯಕ್ತಿಗೆ ಹಂಚಿದ್ದೆ.

ಇನ್ನು ಯೆರೆಮೀಯನ ಸ್ವಂತ ಬಾಳು? ಮದುವೆಯಾಗಬಾರದೆಂದು ಅವನಿಗೆ ಅಪ್ಪಣೆಯಾಗಿತ್ತು. ತಾನು ಹುಟ್ಟಿದ ದಿನವನ್ನೇ ಶಪಿಸುವಷ್ಟು ಅವನು ನೊಂದ. ಕೊನೆಗೆ ಅವನನ್ನು ಈಜಿಪ್ಟಿಗೆ ಎಳೆದೊಯ್ದರು. ಆದರೂ ಶತ್ರುಸೈನ್ಯ ಪಟ್ಟಣವನ್ನು ಮುತ್ತಿದ್ದಾಗ, ಅನಾತೋತಿನ ಒಂದು ಹೊಲವನ್ನು ಹದಿನೇಳು ಶೆಕೆಲ್ ಬೆಳ್ಳಿಗೆ ಕೊಂಡು ಕ್ರಯಪತ್ರವನ್ನು ಮಣ್ಣಿನ ಗಡಿಗೆಯಲ್ಲಿಡಿಸಿದ. ತಾನು ಎಂದೂ ಉಳದ ಹೊಲ ಅದು. ಮುಂದೊಂದು ದಿನ ಈ ನಾಡಿನಲ್ಲಿ ಮತ್ತೆ ಮನೆ ಹೊಲಗಳ ಕ್ರಯವಿಕ್ರಯ ನಡೆಯುತ್ತದೆಂಬ ದೇವರ ಮಾತಿಗೆ ಅವನು ಹಾಕಿದ ಸಹಿ ಅದು. ಅವನು ಹಣ ತೆತ್ತದ್ದು ತನ್ನ ಲಾಭಕ್ಕಲ್ಲ, ಮುಂದೆ ಬರುವವರ ನಿರೀಕ್ಷೆಗೆ.

ಉಗ್ರಾಣದ ಬಾಗಿಲು

ಮಲಾಕಿಯನ ಮೂರನೆಯ ಅಧ್ಯಾಯದ ಹತ್ತನೆಯ ವಚನದ ಬಗ್ಗೆಯೂ ಒಂದು ಮಾತು. ದಶಾಂಶವನ್ನು ಉಗ್ರಾಣಕ್ಕೆ ತನ್ನಿ, ಆಕಾಶದ ದ್ವಾರಗಳನ್ನು ತೆರೆಯುವೆನೆಂಬ ವಚನವದು. ಕೊಟ್ಟಷ್ಟಕ್ಕೆ ಹಲವು ಪಟ್ಟು ಹಿಂದಿರುಗುತ್ತದೆಂಬ ಲೆಕ್ಕಕ್ಕೆ ಇದನ್ನೇ ಆಧಾರವಾಗಿ ತೋರಿಸುತ್ತಾರೆ. ಆ ಉಗ್ರಾಣ ಯಾವುದು? ಜೆರುಸಲೇಮಿನ ದೇವಾಲಯದಲ್ಲಿ ಧಾನ್ಯ, ದ್ರಾಕ್ಷಾರಸ, ಎಣ್ಣೆಗಳನ್ನು ಕೂಡಿಡುತ್ತಿದ್ದ ಕೋಣೆಗಳು. ಅಲ್ಲಿಂದ ಹೊಲವಿಲ್ಲದ ಲೇವಿಯರು ಉಣ್ಣುತ್ತಿದ್ದರು. ಪಾಲು ಬಾರದೆ ಅವರು ಸೇವೆ ತೊರೆದು ಹೊಲಗಳಿಗೆ ಹೋದದ್ದನ್ನು ನೆಹೆಮೀಯನ ಗ್ರಂಥದ 13ನೇ ಅಧ್ಯಾಯ ಹೇಳುತ್ತದೆ. ಮೂರು ವರ್ಷಕ್ಕೊಮ್ಮೆ ಸಂಗ್ರಹಿಸುವ ದಶಾಂಶ ಲೇವಿಯರಿಗೆ ಮಾತ್ರವಲ್ಲದೆ ಪರದೇಶಿ, ಅನಾಥ, ವಿಧವೆಯರಿಗೂ ಸೇರಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ.

ಅದೇ ಮಲಾಕಿಯನ ಅದೇ ಅಧ್ಯಾಯದ ಐದನೆಯ ವಚನ, ಕೂಲಿಯವನ ಕೂಲಿಯನ್ನು ಹಿಡಿದಿಡುವವರ, ವಿಧವೆಯನ್ನೂ ಅನಾಥನನ್ನೂ ಹಿಂಸಿಸುವವರ ವಿರುದ್ಧ ದೇವರೇ ಸಾಕ್ಷಿಯಾಗಿ ನಿಲ್ಲುವನೆಂದು ಗರ್ಜಿಸುತ್ತದೆ. ಐದನೆಯ ವಚನವನ್ನು ದಾಟದೆ ಹತ್ತನೆಯ ವಚನಕ್ಕೆ ಹೋಗಲು ದಾರಿಯಿಲ್ಲ. ವಿಧವೆಯ ಹೊಟ್ಟೆ ತುಂಬಿಸಲೆಂದು ಬಂದ ವಚನವನ್ನು ತೋರಿಸಿ, ವಿಧವೆಯಾಗಲಿದ್ದವಳ ಉಳಿತಾಯವನ್ನು ಪಡೆದುಕೊಂಡು ಹೋಗುವುದನ್ನು ಏನೆಂದು ಕರೆಯೋಣ? ಆ ಹೆಸರನ್ನು ನೀವೇ ಇಡಿ.

ಹಾಗಾದರೆ ನಮಗೇನೂ ಇಲ್ಲವೇ?

ನಿಮ್ಮಲ್ಲಿ ಕೆಲವರು ಕೇಳಬಹುದು: ಎಲ್ಲವೂ ಅಂದಿನ ಬಾಬಿಲೋನಿನವರಿಗೇ ಸೇರಿದ್ದಾದರೆ ನಾವೇಕೆ ಅದನ್ನು ಓದಬೇಕು? ಕಷ್ಟದಲ್ಲಿರುವವರ ಕೈಯಿಂದ ಒಂದು ಸಾಂತ್ವನದ ಮಾತನ್ನೂ ಕಸಿದುಕೊಳ್ಳುತ್ತೀರಾ? ಈ ಪ್ರಶ್ನೆ ನ್ಯಾಯವಾದದ್ದು.

ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ 'ದೇಯಿ ವೆರ್ಬುಮ್' ಎಂಬ ಪ್ರಮಾಣಪತ್ರದ 12ನೇ ಪರಿಚ್ಛೇದ ಎರಡು ಹೆಜ್ಜೆಗಳನ್ನು ಹೇಳಿಕೊಡುತ್ತದೆ. ಬರೆದವನು ತನ್ನ ಕಾಲದಲ್ಲಿ, ತನ್ನ ಸಾಹಿತ್ಯಪ್ರಕಾರದಲ್ಲಿ ಏನನ್ನು ಹೇಳಬಯಸಿದನೆಂದು ಹುಡುಕುವುದು ಮೊದಲನೆಯದು. ಇಡೀ ಶ್ರೀಗ್ರಂಥದ ಏಕತೆಯಲ್ಲಿ, ಧರ್ಮಸಭೆಯ ಜೀವಂತ ಪರಂಪರೆಯಲ್ಲಿ ಅದನ್ನು ಓದುವುದು ಎರಡನೆಯದು. ಮೊದಲ ಹೆಜ್ಜೆಯಿಟ್ಟವರಿಗೆ ಎರಡನೆಯದು ಮುಚ್ಚಿರುವುದಿಲ್ಲ. ಮೊದಲನೆಯದನ್ನು ಬಿಟ್ಟು ಜಿಗಿಯುವವರೇ ಬೀಳುವುದು.

ಶ್ರೀಗ್ರಂಥದಲ್ಲೇ ಇದಕ್ಕೊಂದು ಮಾದರಿಯಿದೆ. ದಾನಿಯೇಲನ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ದಾನಿಯೇಲನು ಯೆರೆಮೀಯನ ಎಪ್ಪತ್ತು ವರ್ಷಗಳ ಮಾತನ್ನು ಓದುತ್ತಾನೆ. ಓದಿ ಏನು ಮಾಡಿದ? ಇದು ನನ್ನ ಹಕ್ಕೆಂದು ಕೂಗಲಿಲ್ಲ. ಗೋಣಿತಟ್ಟನ್ನುಟ್ಟು, ಉಪವಾಸವಿದ್ದು, 'ನಾವು' ಪಾಪಮಾಡಿದೆವು ಎಂದು ತನ್ನ ಇಡೀ ಜನರ ಪರವಾಗಿ ಅರಿಕೆಮಾಡಿಕೊಂಡ. ವಾಗ್ದಾನ ಅವನನ್ನು ಮೊಣಕಾಲೂರಿಸಿತು. ಅವನ ಬಾಯಿಂದ ಬಂದ ಪದ 'ನಾನು' ಅಲ್ಲ, 'ನಾವು'.

ಇದಕ್ಕೆ ವಿರುದ್ಧವಾದ ಮಾದರಿಯೂ ಇದೆ. ವಾಗ್ದಾನವೊಂದನ್ನು ಹಿನ್ನೆಲೆಯಿಂದ ಕಿತ್ತು, ಇದನ್ನು ಹಕ್ಕಿನಿಂದ ಪರೀಕ್ಷಿಸಿ ನೋಡು ಎಂದು ಹೇಳಿದವನು ಶುಭಸಂದೇಶದಲ್ಲಿ ಒಬ್ಬನಿದ್ದಾನೆ. ದೇವಾಲಯದ ತುದಿಯಲ್ಲಿ ನಿಂತು 91ನೇ ಕೀರ್ತನೆಯನ್ನು ಉದ್ಧರಿಸಿದ ಸೈತಾನ. ಕೀರ್ತನೆಯಲ್ಲಿರುವ 'ನಿನ್ನ ಎಲ್ಲಾ ಮಾರ್ಗಗಳಲ್ಲಿ' ಎಂಬ ಅಂಶವನ್ನು ಅವನು ಬಿಟ್ಟುಬಿಟ್ಟ. ಸರ್ಪವನ್ನು ತುಳಿಯುವ ಮಾತು ಬರುವ ಮುಂದಿನ ವಚನಕ್ಕೆ ಮುಂಚೆಯೇ ನಿಲ್ಲಿಸಿದ. ಯೇಸುಸ್ವಾಮಿ ಆ ವಚನ ಸುಳ್ಳೆನ್ನಲಿಲ್ಲ. ದೇವರನ್ನು ಪರೀಕ್ಷಿಸಬಾರದೆಂಬ ಇನ್ನೊಂದು ವಚನವನ್ನು ಅದರ ಪಕ್ಕದಲ್ಲಿಟ್ಟರು. ವಚನವನ್ನು ವಚನದೊಡನೆ ಕೂಡಿಸಿ ಓದುವ ಪಾಠ ನಮಗೆ ಅಲ್ಲಿಂದಲೇ ಬಂದದ್ದು.

ಧರ್ಮಸಭೆ ಹನ್ನೊಂದನೆಯ ವಚನವನ್ನು ಮರೆತಿಲ್ಲ. ಸಾಧಾರಣ ಕಾಲದ 33ನೇ ಭಾನುವಾರದ ಬಲಿಪೂಜೆಯ ಪ್ರವೇಶವಾಕ್ಯ ಯೆರೆಮೀಯನ ಈ ಭಾಗದಿಂದಲೇ ಆರಿಸಿದ್ದು. ಅದು ನವೆಂಬರ್ ತಿಂಗಳಲ್ಲಿ ಬರುತ್ತದೆ; ಮೃತರನ್ನು ಸ್ಮರಿಸುವ ತಿಂಗಳು, ಪೂಜಾವರ್ಷ ಮುಗಿಯುವ ಹೊತ್ತು. ಲೋಕಾಂತ್ಯದ ವಾಚನಗಳನ್ನು ಕೇಳಲು ಸಮುದಾಯವೆಲ್ಲ ಎದ್ದು ನಿಂತಾಗ ಆ ಶಾಂತಿಯ ಮಾತು ಕೇಳಿಬರುತ್ತದೆ. ನಮ್ಮ ಪಾಲು ಅಲ್ಲಿದೆ. ಸೆರೆಯಾಳುಗಳಿಗೆ ಕೊಟ್ಟ ಮಾತು ಕ್ರಿಸ್ತನಲ್ಲಿ ಈಡೇರಿ, ಕ್ರಿಸ್ತನ ದೇಹವಾದ ಸಭೆಗೆ ಬಂದು, ಸಭೆಯ ಒಂದು ಅಂಗವಾದ ನನಗೆ ಮುಟ್ಟುತ್ತದೆ. ಆ ಹಾದಿಯಲ್ಲಿ ಶಿಲುಬೆಯೂ ಇದೆ, ಸಮಾಧಿಯೂ ಇದೆ. ಹಾಗಾಗಿ ಆ ವಾಗ್ದಾನ ಹಾಸಿಗೆಯ ಪಕ್ಕದಲ್ಲಿ ಸೋಲುವುದಿಲ್ಲ. ಗುಣವಾಗದ ದೇಹವನ್ನೂ ಅದು ಕೈಬಿಡುವುದಿಲ್ಲ.

ಆ ತಾಯಿಯ ಮನೆಗೆ ನಾನು ಹೋದದ್ದು ಕೆಲವು ತಿಂಗಳುಗಳ ಬಳಿಕ. ನಿಮ್ಮ ವಿಶ್ವಾಸ ಕುಂದಿರಲಿಲ್ಲ, ಕುಂದಿದ್ದು ನನ್ನ ಓದು ಎಂದು ಮೊದಲು ಕ್ಷಮೆ ಕೇಳಿದೆ. ಆಮೇಲೆ ಮಕ್ಕಳನ್ನೂ ಕೂರಿಸಿಕೊಂಡು ಕಾಗದವನ್ನು ಮೊದಲಿನಿಂದ ಓದಿದೆವು. ಎಪ್ಪತ್ತು ವರ್ಷಗಳ ಮಾತು ಬಂದಾಗ ಆಕೆ ಕೇಳಿದರು: "ಹಾಗಾದರೆ ಇದನ್ನು ಕೇಳಿಸಿಕೊಂಡ ದೊಡ್ಡವರು ಊರು ನೋಡದೆಯೇ ಸತ್ತರೇ?" ಬಹುಪಾಲು ಹಾಗೆಯೇ ಎಂದೆ. "ಮತ್ತೆ, ಮನೆ ಕಟ್ಟಿದರೇ?"

ಕಟ್ಟಿದರು ಎಂದು ನಾನು ಹೇಳಬಲ್ಲವನಾಗಿದ್ದೆ. 2014ರಲ್ಲಿ ಪ್ರಕಟವಾದ ಕೆಲವು ಮಣ್ಣಿನ ಫಲಕಗಳ ಬಗ್ಗೆ ಅಷ್ಟರಲ್ಲಿ ಓದಿದ್ದೆ. ಪುರಾತನ ವಸ್ತುಗಳ ಮಾರುಕಟ್ಟೆಯ ಮೂಲಕ ವಿದ್ವಾಂಸರ ಕಣ್ಣಿಗೆ ಬಿದ್ದ ಅವುಗಳ ಕಾಲ ಸುಮಾರು ಕ್ರಿ.ಪೂ. 572ರಿಂದ 477ರವರೆಗಿನದು. ಬಾಬಿಲೋನಿಯದಲ್ಲಿ 'ಆಲ್-ಯಹೂದು', ಎಂದರೆ ಯೆಹೂದದವರ ಊರು, ಎಂಬ ಹಳ್ಳಿಯಿತ್ತೆಂದು ಅವು ತಿಳಿಸುತ್ತವೆ. ಅಲ್ಲಿಯ ಜನ ಹೊಲ ಉತ್ತರು, ಖರ್ಜೂರ ಮತ್ತು ಬಾರ್ಲಿ ಬೆಳೆದರು, ತೆರಿಗೆ ಕಟ್ಟಿದರು, ಸಾಲದ ಪತ್ರ ಬರೆಸಿಕೊಂಡರು. ಮಕ್ಕಳಿಗೆ ಸರ್ವೇಶ್ವರನ ನಾಮ ಸೇರಿದ ಹೆಸರುಗಳನ್ನಿಟ್ಟರು. ಪರದೇಶದ ಲೆಕ್ಕದ ಫಲಕಗಳಲ್ಲಿ ಆ ಹೆಸರುಗಳು ಇನ್ನೂ ಉಳಿದಿವೆ.

ಆಕೆ ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ಮಗಳಿಗೆ, ಅಪ್ಪನ ಅಂಗಡಿಯ ಬೀಗದಕೈ ಎಲ್ಲಿದೆ ನೋಡು ಎಂದರು. ಮುಂದಿನ ವಾರ ಅಂಗಡಿ ತೆರೆಯಿತು.

ವರ್ಷಾಂತ್ಯದ ಚೀಟಿಗಳನ್ನು ನಮ್ಮಲ್ಲಿ ಈಗಲೂ ಹಂಚುತ್ತೇವೆ. ಆದರೆ ಅದರಲ್ಲಿ ವಚನವಿರುವುದಿಲ್ಲ. ಒಂದು ಅಧ್ಯಾಯದ ಹೆಸರೂ ಮನೆಮಂದಿಯೆಲ್ಲ ಕೂಡಿ ಓದಿರೆಂಬ ವಿನಂತಿಯೂ ಇರುತ್ತವೆ. ಮೊದಲ ವರ್ಷ ಕೆಲವರು ಬೇಸರಪಟ್ಟರು. ಓದುಗರೇ, ನಿಮ್ಮ ಗೋಡೆಯ ಮೇಲಿನ ಚೀಟಿಯನ್ನು ಕಿತ್ತು ಎಸೆಯಿರೆಂದು ನಾನು ಹೇಳುವುದಿಲ್ಲ. ಇಂದು ರಾತ್ರಿ ಜಪಮಾಲೆ ಮುಗಿದ ಮೇಲೆ ಬೈಬಲನ್ನು ತೆರೆಯಿರಿ. ಆ ವಚನಕ್ಕೆ ಮುಂಚಿನದನ್ನು ಓದಿ, ನಂತರದ್ದನ್ನೂ ಓದಿ. ಅದನ್ನು ಮೊದಲು ಕೇಳಿಸಿಕೊಂಡವರು ಯಾರೆಂದು ಮಕ್ಕಳಿಗೆ ಹೇಳಿ. ಆ ಬಳಿಕ, ಅವರ ಜೊತೆಯಲ್ಲಿ ನಿಂತು, ಅದನ್ನು ನಿಮ್ಮದೆನ್ನಿರಿ.